ಇಂಗ್ಲಿಷಿನ ‘ಹ್ಯಾವ್ ಬೀನ್’ ಮತ್ತು ಕನ್ನಡದ ‘ಬಂದಿದೆ’

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳು ಓದುವ ಯಾವುದಾದರೊಂದು ಪ್ರೌಢಶಾಲೆಯ ತರಗತಿಯನ್ನು ಹೊಕ್ಕು, ಮುಂದಿನ ಸಾಲಿನಲ್ಲಿ ಕುಳಿತ ಬಾಲಕನೊಬ್ಬನನ್ನು ‘ನೀನು ಎಷ್ಟು ವರ್ಷಗಳಿಂದ ಬೆಂಗಳೂರಿನಲ್ಲಿ ವಾಸಿಸುತ್ತಿದ್ದೀಯೆ?’ ಎಂದು ಕೇಳಿ ಇಂಗ್ಲಿಷಿನಲ್ಲಿ ಉತ್ತರ ಹೇಳುವಂತೆ ಸೂಚಿಸಿದರೆ, ಅವನು ಎದ್ದು ನಿಂತು ಹೇಳುವ ಮಾತು ಬಹುಮಟ್ಟಿಗೆ ಹೀಗಿರುತ್ತದೆ: ‘ಐ ಆಮ್ ಲಿವಿಂಗ್ ಇನ್ ಬೆಂಗಳೂರು ಸಿನ್ಸ್ ಫೈವ್ ಇಯರ್ಸ್.’ ಉಪಾಧ್ಯಾಯರು ತಿದ್ದುತ್ತಾರೆ: ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಬೆಂಗಳೂರು ಫಾರ್ ಫೈವ್ ಇಯರ್ಸ್.’ ಬಾಲಕನು ತಿದ್ದಿದ ವಾಕ್ಯವನ್ನು ಹತ್ತು ಸಲ ಬರೆದು ತೋರಿಸುತ್ತಾನೆ. ವಾರ ಕಳೆದ ಮೇಲೆ ಅವನೇ ಸಲ್ಲಿಸಿದ ರಜೆಯ ಅರ್ಜಿಯಲ್ಲಿ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್’ ಎಂಬ ವಾಕ್ಯವು ಕಾಣಿಸಿಕೊಳ್ಳುತ್ತದೆ. ಅದೇ ಬಾಲಕನು ಬೆಳೆದು ಪದವೀಧರನಾಗಿ ಉದ್ಯೋಗಕ್ಕಾಗಿ ಅರ್ಜಿ ಬರೆಯುವಾಗಲೂ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟು ಇಯರ್ಸ್’ ಎಂದೇ ಬರೆಯುತ್ತಾನೆ.

ಇಷ್ಟು ತಿದ್ದಿದರೂ ಹೋಗದ ತಪ್ಪನ್ನು ಕಂಡು ಉಪಾಧ್ಯಾಯರಿಗೆ ಬೇಸರವಾಗುವುದು ಸಹಜ. ಬಾಲಕನಿಗೆ ಲಕ್ಷ್ಯವಿಲ್ಲವೆಂದೋ ಇಂಗ್ಲಿಷ್ ಅವನಿಗೆ ಒಗ್ಗದೆಂದೋ ತೀರ್ಮಾನಿಸುವುದೂ ಉಂಟು. ಆದರೆ ಒಂದೇ ತಪ್ಪನ್ನು ಒಂದು ನಾಡಿನ ಸಾವಿರಾರು ಮಕ್ಕಳು ಒಂದೇ ರೀತಿಯಲ್ಲಿ ಮಾಡುತ್ತಿದ್ದರೆ, ಅದನ್ನು ಅಲಕ್ಷ್ಯವೆಂದು ಕರೆಯಲಾಗದು. ಅದರ ಹಿಂದೆ ಒಂದು ಕ್ರಮವಿರಬೇಕು. ಆ ಕ್ರಮವು ಕನ್ನಡದ್ದೇ ಆಗಿದೆ. ಬಾಲಕನು ಇಂಗ್ಲಿಷ್ ಪದಗಳನ್ನು ಕನ್ನಡದ ವ್ಯಾಕರಣದಿಂದ ಪೋಣಿಸಿದ್ದಾನೆ; ಅಲ್ಲಿ ನಡೆದಿರುವುದು ಇಷ್ಟೇ. ಈ ಕಾಲರೂಪವನ್ನು ಇಂಗ್ಲಿಷ್ ವ್ಯಾಕರಣಗಳು ‘ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಅಸ್’ ಎಂದು ಕರೆಯುತ್ತವೆ. ಹೆಸರು ಉದ್ದವಾದರೂ ವಿಷಯ ಕಠಿನವಲ್ಲ. ಕನ್ನಡದಿಂದ ಹೊರಟು ಅದನ್ನು ಮುಟ್ಟುವ ದಾರಿಯೊಂದು ಮಕ್ಕಳ ನಾಲಿಗೆಯ ಮೇಲೆಯೇ ಇದೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ತಪ್ಪಿನ ಮೂಲ

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕಾಲವನ್ನು ಭೂತ, ಭವಿಷ್ಯತ್, ವರ್ತಮಾನವೆಂದು ಮೂರಾಗಿ ವಿಂಗಡಿಸಿ, ಅವುಗಳಿಗೆ ಕ್ರಮವಾಗಿ ದ, ವ, ದಪ ಎಂಬ ಪ್ರತ್ಯಯಗಳನ್ನು ಹೇಳಿದನು. ಹೊಸಗನ್ನಡವು ಈ ಮೂರರ ಜೊತೆಗೆ ‘ಇರು’ ಎಂಬ ಧಾತುವಿನ ನೆರವಿನಿಂದ ಹಲವು ಸೂಕ್ಷ್ಮ ಭೇದಗಳನ್ನು ರೂಢಿಸಿಕೊಂಡಿದೆ. ‘ಬರೆದು’ ಎಂಬುದಕ್ಕೆ ‘ಇದ್ದಾನೆ’ ಸೇರಿ ‘ಬರೆದಿದ್ದಾನೆ’ ಆಗುತ್ತದೆ; ಕೆಲಸ ಮುಗಿದು ಅದರ ಫಲ ಇಂದು ನಿಂತಿದೆಯೆಂದು ಇದರ ಅರ್ಥ. ‘ಬರೆಯುತ್ತ’ ಎಂಬುದಕ್ಕೆ ‘ಇದ್ದಾನೆ’ ಸೇರಿ ‘ಬರೆಯುತ್ತಿದ್ದಾನೆ’ ಆಗುತ್ತದೆ. ಕೆಲಸ ಇನ್ನೂ ನಡೆದಿದೆಯೆಂದು ಇದರ ಅರ್ಥ. ಮೊದಲನೆಯದು ಇಂಗ್ಲಿಷಿನ ‘ಹ್ಯಾಸ್ ರಿಟನ್’; ಎರಡನೆಯದು ‘ಈಸ್ ರೈಟಿಂಗ್’. ಇಲ್ಲಿಯವರೆಗೆ ಎರಡು ಭಾಷೆಗಳೂ ಜೊತೆಯಾಗಿಯೇ ನಡೆಯುತ್ತವೆ.

ದಾರಿ ಕವಲೊಡೆಯುವುದು ಮುಂದಿನ ಹೆಜ್ಜೆಯಲ್ಲಿ. ಈ ಕ್ಷಣ ನಡೆಯುತ್ತಿರುವ ಕೆಲಸವನ್ನು ಕನ್ನಡಿಗನು ‘ಬರೆಯುತ್ತಿದ್ದೇನೆ’ ಎನ್ನುತ್ತಾನೆ. ಬೆಳಗಿನಿಂದ ಬಿಡದೆ ನಡೆದು ಈ ಕ್ಷಣವನ್ನು ಮುಟ್ಟಿರುವ ಕೆಲಸವನ್ನೂ ‘ಬೆಳಗಿನಿಂದ ಬರೆಯುತ್ತಿದ್ದೇನೆ’ ಎಂದೇ ಹೇಳುತ್ತಾನೆ. ಕ್ರಿಯಾಪದ ಬದಲಾಗಲಿಲ್ಲ, ‘ಬೆಳಗಿನಿಂದ’ ಎಂಬ ಒಂದು ಪದ ಮಾತ್ರ ಹೆಚ್ಚಾಯಿತು. ಕೆಲಸವು ಹಿಂದೆ ಆರಂಭವಾದದ್ದೆಂಬ ಅರ್ಥವನ್ನೆಲ್ಲ ಆ ಪದದ ಕೊನೆಯ ‘ಇಂದ’ವೇ ಹೊತ್ತಿರುವುದರಿಂದ ಕ್ರಿಯಾಪದಕ್ಕೆ ಅದನ್ನು ಮತ್ತೊಮ್ಮೆ ಹೊರುವ ಅಗತ್ಯವಿಲ್ಲ. ಇಂಗ್ಲಿಷ್ ಭಾಷೆಯಾದರೋ ಆ ಭಾರವನ್ನು ಎರಡು ಕಡೆಯೂ ಹೊರಿಸುತ್ತದೆ. ಕಾಲವಾಚಕ ಪದ ಬದಲಾದೊಡನೆ ಕ್ರಿಯಾಪದವೂ ಬದಲಾಗಬೇಕು. ‘ಐ ಆಮ್ ರೈಟಿಂಗ್’ ಎಂಬುದು ಈಗಿನ ಮಾತು. ‘ಐ ಹ್ಯಾವ್ ಬೀನ್ ರೈಟಿಂಗ್ ಸಿನ್ಸ್ ಮಾರ್ನಿಂಗ್’ ಎಂಬುದು ಅಂದಿನಿಂದ ಈಗಿನವರೆಗಿನ ಮಾತು.

ಆದುದರಿಂದ ‘ಐ ಆಮ್ ಲಿವಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂಬುದು ‘ಐದು ವರ್ಷಗಳಿಂದ ವಾಸಿಸುತ್ತಿದ್ದೇನೆ’ ಎಂಬ ನಿರ್ದುಷ್ಟ ಕನ್ನಡ ವಾಕ್ಯದ ನೇರ ಪಡಿನೆಳಲು. ಇದು ಕನ್ನಡಿಗರಿಗೆ ಮಾತ್ರ ಅಂಟಿದ ದೋಷವೂ ಅಲ್ಲ. ಹಿಂದಿಯಲ್ಲಿಯೂ ಇಂತಹ ಸಂದರ್ಭದಲ್ಲಿ ‘ರಹಾ ಹೂಂ’ ಎಂಬ ವರ್ತಮಾನ ರೂಪವೇ ಸಾಕು. ಇಂಗ್ಲಿಷಿನ ಹತ್ತಿರದ ಬಂಧುವಾದ ಜರ್ಮನ್ ಭಾಷೆಯಲ್ಲಿ, ನೆರೆಯ ಫ್ರೆಂಚ್ ಭಾಷೆಯಲ್ಲಿ, ಹತ್ತು ವರ್ಷಗಳಿಂದ ಒಂದೆಡೆ ನೆಲೆಸಿರುವವನು ತನ್ನ ವಾಸವನ್ನು ಸರಳ ವರ್ತಮಾನದಲ್ಲಿಯೇ ಹೇಳುತ್ತಾನೆ. ಆ ದೇಶಗಳ ಮಕ್ಕಳೂ ಇಂಗ್ಲಿಷ್ ಕಲಿಯುವಾಗ ಈ ಎಡೆಯಲ್ಲಿಯೇ ಎಡವುತ್ತಾರೆ. ಈ ಮಾತನ್ನು ತರಗತಿಯಲ್ಲಿ ಮೊದಲೇ ಹೇಳಿಬಿಟ್ಟರೆ ಬಾಲಕನ ಅರ್ಧ ಸಂಕೋಚವು ಅಲ್ಲಿಯೇ ಕಳೆಯುತ್ತದೆ.

ಇಂಗ್ಲಿಷಿನಲ್ಲಿ ಈ ರೂಪ ಹೊಸದೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ‘ನೈಟ್ಸ್ ಟೇಲ್’ನಲ್ಲಿ, ಪತಿಗಳನ್ನು ಕಳೆದುಕೊಂಡ ಸ್ತ್ರೀಯರು ಥೀಸಿಯಸ್ ಅರಸನ ಬರವಿಗಾಗಿ ದೇವಾಲಯದಲ್ಲಿ ಎರಡು ವಾರಗಳಿಂದ ಕಾಯುತ್ತಿರುವುದಾಗಿ ಮೊರೆಯಿಡುವ ಸಂದರ್ಭವಿದೆ. ಅಲ್ಲಿ ಕವಿಯು ಬಳಸಿರುವುದು ಈ ‘ಹ್ಯಾವ್ ಬೀನ್’ ರೂಪವನ್ನೇ. ಕಾಯುವಿಕೆ ಆರಂಭವಾದುದು ಅಂದು. ಮುಗಿಯದೆ ಉಳಿದಿರುವುದು ಇಂದು. ಈ ಎರಡು ತುದಿಗಳನ್ನು ಒಂದೇ ಕ್ರಿಯಾಪದದಲ್ಲಿ ಕಟ್ಟಿಡುವುದೇ ಈ ಕಾಲರೂಪದ ಪ್ರಯೋಜನ.

ಕನ್ನಡದಲ್ಲಿಯೇ ಇರುವ ಸೇತುವೆ

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸಮಾನವಾದ ರೂಪವೇ ಇಲ್ಲವೇ? ಇದೆ. ಯಾವುದೇ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯ ಮೊದಲ ಪುಟವನ್ನು ತೆರೆದರೆ ಸಾಕು: ‘ಈ ಸಂಸ್ಥೆಯು ಅನೇಕ ವರ್ಷಗಳಿಂದ ವಿದ್ಯಾದಾನ ಮಾಡುತ್ತಾ ಬಂದಿದೆ’, ‘ಶ್ರೀಮಠವು ಅನ್ನದಾಸೋಹವನ್ನು ನಡೆಸಿಕೊಂಡು ಬಂದಿದೆ’, ‘ದಾನಿಗಳು ಉದಾರವಾಗಿ ನೆರವು ನೀಡುತ್ತಾ ಬಂದಿದ್ದಾರೆ’. ಕೃತಜ್ಞತೆಯನ್ನು ಹೇಳುವ ಪ್ರತಿಯೊಂದು ಭಾಷಣದಲ್ಲಿಯೂ ಕೇಳಿಬರುವ ಈ ‘ಬಂದಿದೆ’ಯೇ ಕನ್ನಡದ ‘ಹ್ಯಾಸ್ ಬೀನ್’.

ಇದನ್ನು ಬಿಡಿಸಿ ನೋಡಿದರೆ ಎರಡು ಭಾಷೆಗಳ ಹೊಂದಿಕೆ ಸ್ಪಷ್ಟವಾಗುತ್ತದೆ. ‘ಬರೆಯುತ್ತಾ ಬಂದಿದ್ದಾನೆ’ ಎಂಬುದರಲ್ಲಿ ಮೂರು ಅಂಗಗಳಿವೆ: ಬರೆಯುತ್ತಾ, ಬಂದು, ಇದ್ದಾನೆ. ‘ಹ್ಯಾಸ್ ಬೀನ್ ರೈಟಿಂಗ್’ ಎಂಬುದರಲ್ಲಿಯೂ ಮೂರು ಅಂಗಗಳಿವೆ. ‘ರೈಟಿಂಗ್’ ಎಂಬುದರ ‘ಇಂಗ್’ ಕನ್ನಡದ ‘ಉತ್ತಾ’ಕ್ಕೆ ಸಮಾನ, ಅದು ಕೆಲಸದ ಎಡೆಬಿಡದ ಹರಿವನ್ನು ಸೂಚಿಸುತ್ತದೆ. ‘ಬೀನ್’ ಎಂಬುದು ‘ಬಂದು’ ಎಂಬುದರ ಸ್ಥಾನದಲ್ಲಿದೆ; ಅದು ಹಿಂದಿನಿಂದ ಇಲ್ಲಿಯವರೆಗೆ ಸಾಗಿದ ದಾರಿಯನ್ನು ಸೂಚಿಸುತ್ತದೆ. ‘ಹ್ಯಾಸ್’ ಎಂಬುದು ‘ಇದ್ದಾನೆ’ ಎಂಬುದರ ಸ್ಥಾನದಲ್ಲಿದೆ; ಅದು ಆ ದಾರಿಯನ್ನು ಇಂದಿಗೆ ತಂದು ನಿಲ್ಲಿಸುತ್ತದೆ. ಪದಗಳ ಅನುಕ್ರಮ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದೆ: ಕನ್ನಡದ ಕೊನೆಯದು ಇಂಗ್ಲಿಷಿನಲ್ಲಿ ಮೊದಲು, ಕನ್ನಡದ ಮೊದಲನೆಯದು ಇಂಗ್ಲಿಷಿನಲ್ಲಿ ಕೊನೆ.

ಇನ್ನೊಂದು ಹೋಲಿಕೆಯೂ ಗಮನಾರ್ಹ. ಕರ್ತೃಪದ ಬದಲಾದಾಗ ಕನ್ನಡದಲ್ಲಿ ‘ಬರೆಯುತ್ತಾ’ ಬದಲಾಗುವುದಿಲ್ಲ, ‘ಬಂದು’ ಬದಲಾಗುವುದಿಲ್ಲ. ಬಂದಿದ್ದೇನೆ, ಬಂದಿದ್ದಾಳೆ, ಬಂದಿದ್ದಾರೆ ಎಂದು ‘ಇರು’ ಮಾತ್ರ ಬದಲಾಗುತ್ತದೆ. ಇಂಗ್ಲಿಷಿನಲ್ಲಿಯೂ ‘ರೈಟಿಂಗ್’ ಮತ್ತು ‘ಬೀನ್’ ಅಚಲವಾಗಿರುತ್ತವೆ. ‘ಹ್ಯಾವ್’ ಎಂಬುದು ಮಾತ್ರ ಅವನು, ಅವಳು, ಅದು ಎಂಬ ಏಕವಚನದ ಕರ್ತೃಗಳೊಡನೆ ‘ಹ್ಯಾಸ್’ ಆಗುತ್ತದೆ. ಬದಲಾಗುವ ಅಂಗ ಒಂದೇ ಎಂಬುದನ್ನು ತಿಳಿದ ಬಾಲಕನು ‘ಹಿ ಹ್ಯಾವ್ ಬೀನ್’ ಎಂದು ಬರೆಯಲು ಹಿಂಜರಿಯುತ್ತಾನೆ. ಏಕೆಂದರೆ ‘ಅವನು ಬರೆಯುತ್ತಾ ಬಂದಿದ್ದೇನೆ’ ಎಂದಷ್ಟೇ ಅದು ಅವನ ಕಿವಿಗೆ ಕರ್ಕಶವಾಗಿ ಕೇಳುತ್ತದೆ.

ಸುತ್ತಮುತ್ತಲಿನ ಪರಿಚಿತ ಸಂಗತಿಗಳಿಂದಲೇ ಅಭ್ಯಾಸದ ವಾಕ್ಯಗಳನ್ನು ಆರಿಸಬಹುದು. ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು 1915ರಿಂದ ನಾಡುನುಡಿಯ ಸೇವೆ ಮಾಡುತ್ತಾ ಬಂದಿದೆ: ‘ದ ಪರಿಷತ್ ಹ್ಯಾಸ್ ಬೀನ್ ಸರ್ವಿಂಗ್ ಕನ್ನಡ ಸಿನ್ಸ್ 1915.’ ಮಲ್ಲೇಶ್ವರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪನೆಯಾಗಿ, 1911ರಿಂದ ವಿದ್ಯಾರ್ಥಿಗಳಿಗೆ ಬೋಧಿಸುತ್ತಾ ಬಂದಿದೆ: ‘ದ ಇನ್‌ಸ್ಟಿಟ್ಯೂಟ್ ಹ್ಯಾಸ್ ಬೀನ್ ಟೀಚಿಂಗ್ ಸ್ಟೂಡೆಂಟ್ಸ್ ಸಿನ್ಸ್ 1911.’ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವು 1943ರಿಂದ ತಿಂಡಿಪ್ರಿಯರಿಗೆ ದೋಸೆ ಬಡಿಸುತ್ತಾ ಬಂದಿದೆ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರೆ ಹಿಂದಿನ ಸಾಲಿನ ಬಾಲಕನೂ ಕೈಯೆತ್ತುತ್ತಾನೆ.

ಆದರೆ ಒಂದು ಎಚ್ಚರಿಕೆ ಅವಶ್ಯ. ಕನ್ನಡದ ‘ಉತ್ತಾ ಬಂದಿದೆ’ ಎಂಬುದು ದೀರ್ಘಕಾಲದ, ನಿಷ್ಠೆಯ, ಪರಂಪರೆಯ ಕೆಲಸಗಳಿಗೆ ಒಪ್ಪುವ ಗಂಭೀರ ಪ್ರಯೋಗ. ಅರ್ಧ ಗಂಟೆಯಿಂದ ಬಸ್ಸಿಗಾಗಿ ನಿಂತವನು ‘ಕಾಯುತ್ತಿದ್ದೇನೆ’ ಎನ್ನುವನೇ ಹೊರತು ‘ಕಾಯುತ್ತಾ ಬಂದಿದ್ದೇನೆ’ ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ನೂರು ವರ್ಷದ ಸೇವೆಗೂ ಅರ್ಧ ಗಂಟೆಯ ಕಾಯುವಿಕೆಗೂ ‘ಹ್ಯಾವ್ ಬೀನ್’ ಒಂದೇ. ಆದುದರಿಂದ ರೂಪವನ್ನು ಅರ್ಥ ಮಾಡಿಸಲು ‘ಬಂದಿದೆ’ಯ ಸೇತುವೆಯನ್ನೂ, ನಿತ್ಯದ ವಾಕ್ಯಗಳಲ್ಲಿ ಅದನ್ನು ಗುರುತಿಸಲು ‘ಇಂದ’ದ ಗುರುತನ್ನೂ ಬಳಸುವುದು ಯುಕ್ತ. ವಾಕ್ಯದಲ್ಲಿ ಕಳೆದ ಕಾಲವನ್ನು ಹೇಳುವ ‘ಇಂದ’ವಿದ್ದು, ಕ್ರಿಯಾಪದವು ‘ಉತ್ತಿದ್ದೇನೆ’, ‘ಉತ್ತಿದ್ದಾನೆ’ ಎಂದು ಮುಗಿದರೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಬರುತ್ತದೆ. ‘ಇಂದ’ವಿಲ್ಲದೆ ‘ಬೆಂಗಳೂರಿನಲ್ಲಿ ವಾಸಿಸುತ್ತಿದ್ದೇನೆ’ ಎಂದಷ್ಟೇ ಇದ್ದರೆ ‘ಐ ಆಮ್ ಲಿವಿಂಗ್’ ಎಂಬುದೇ ಸರಿ. ‘ಬಸ್ಸಿನಿಂದ ಇಳಿಯುತ್ತಿದ್ದೇನೆ’ ಎಂಬಲ್ಲಿನ ‘ಇಂದ’ವು ಸ್ಥಳದ್ದು, ‘ನಾಳೆಯಿಂದ ಬರುತ್ತೇನೆ’ ಎಂಬಲ್ಲಿನದು ಮುಂದಿನ ಕಾಲದ್ದು. ಇವುಗಳಿಗೆ ಈ ಸೂತ್ರವು ಅನ್ವಯಿಸದು.

‘ಎಷ್ಟು’ ಮತ್ತು ‘ಯಾವಾಗ’

ಕ್ರಿಯಾಪದವನ್ನು ಸರಿಪಡಿಸಿದ ಮೇಲೂ ಉಳಿಯುವ ತೊಡಕು ‘ಫಾರ್’ ಮತ್ತು ‘ಸಿನ್ಸ್’ಗಳದು. ಕನ್ನಡದಲ್ಲಿ ‘ಐದು ವರ್ಷಗಳಿಂದ’ ಎಂಬಲ್ಲಿಯೂ ‘2010ರಿಂದ’ ಎಂಬಲ್ಲಿಯೂ ಒಂದೇ ‘ಇಂದ’ವಿದೆ. ರಜೆಯ ಅರ್ಜಿಯ ವಾಕ್ಯದಲ್ಲಂತೂ ‘ಮೂರು ದಿನಗಳಿಂದ ಜ್ವರದಿಂದ ನರಳುತ್ತಿದ್ದೇನೆ’ ಎಂದು ಎರಡು ‘ಇಂದ’ಗಳಿವೆ, ಅವುಗಳಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಎರಡು ಪದಗಳು ಬೇಕು: ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್.’ ಕನ್ನಡದ ಒಂದು ಪ್ರತ್ಯಯವು ‘ಫಾರ್’, ‘ಸಿನ್ಸ್’, ‘ಫ್ರಮ್’ ಎಂಬ ಮೂವರ ಕೆಲಸವನ್ನು ಮಾಡುತ್ತಿರುವಾಗ ಬಾಲಕನಿಗೆ ಗೊಂದಲವಾಗದಿದ್ದರೆ ಅದೇ ಆಶ್ಚರ್ಯ.

ಇದಕ್ಕೆ ಕನ್ನಡದ ಪ್ರಶ್ನಾರ್ಥಕ ಪದಗಳೇ ಒರೆಗಲ್ಲು. ‘ಎಷ್ಟು ದಿನಗಳಿಂದ?’, ‘ಎಷ್ಟು ಹೊತ್ತಿನಿಂದ?’ ಎಂಬ ಪ್ರಶ್ನೆಗೆ ಬರುವ ಉತ್ತರವು ಕಾಲದ ಅಳತೆ. ಅದನ್ನು ಎಣಿಸಬಹುದು, ಕೂಡಬಹುದು. ಅಲ್ಲಿ ‘ಫಾರ್’: ಫಾರ್ ತ್ರೀ ಡೇಸ್, ಫಾರ್ ಟೆನ್ ಇಯರ್ಸ್, ಫಾರ್ ಎ ಲಾಂಗ್ ಟೈಮ್. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಬರುವ ಉತ್ತರವು ಕಾಲದ ಒಂದು ಬಿಂದು; ಕೆಲಸ ಹೊರಟ ಮೈಲಿಗಲ್ಲು. ಅಲ್ಲಿ ‘ಸಿನ್ಸ್’: ಸಿನ್ಸ್ ಮಂಡೇ, ಸಿನ್ಸ್ 2010, ಸಿನ್ಸ್ ಚೈಲ್ಡ್‌ಹುಡ್. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋಗುವವನು ಹೊರಟ ನಿಲ್ದಾಣದ ಹೆಸರನ್ನೂ ಹೇಳಬಹುದು, ಕ್ರಮಿಸಿದ ದೂರವನ್ನೂ ಹೇಳಬಹುದು; ಮೊದಲನೆಯದು ‘ಸಿನ್ಸ್’ ಇದ್ದಂತೆ, ಎರಡನೆಯದು ‘ಫಾರ್’ ಇದ್ದಂತೆ. ‘ಎಷ್ಟು’ ಎಂದರೆ ‘ಫಾರ್’, ‘ಯಾವಾಗ’ ಎಂದರೆ ‘ಸಿನ್ಸ್’ ಎಂಬ ಈ ಒಂದೇ ಮಾತನ್ನು ನೆನಪಿಟ್ಟರೆ ದೊಡ್ಡ ಪಟ್ಟಿಗಳನ್ನು ಉರುಹೊಡೆಯುವ ಶ್ರಮ ತಪ್ಪುತ್ತದೆ.

ಮುಗಿದುದು, ಮುಗಿಯದುದು, ಈಗ ತಾನೆ ನಿಂತುದು

‘ಹ್ಯಾವ್ ರಿಟನ್’ ಮತ್ತು ‘ಹ್ಯಾವ್ ಬೀನ್ ರೈಟಿಂಗ್’ ಎಂಬ ಎರಡರ ನಡುವೆ ಆಯ್ಕೆ ಹೇಗೆ ಎಂಬ ಪ್ರಶ್ನೆಗೂ ಕನ್ನಡವೇ ಉತ್ತರ ಕೊಡುತ್ತದೆ. ‘ಬೆಳಗಿನಿಂದ ಮೂರು ಪತ್ರ ಬರೆದಿದ್ದೇನೆ’ ಎಂಬಲ್ಲಿ ಫಲವು ಎಣಿಕೆಗೆ ಸಿಕ್ಕಿದೆ. ಆದುದರಿಂದ ‘ಐ ಹ್ಯಾವ್ ರಿಟನ್ ತ್ರೀ ಲೆಟರ್ಸ್’. ‘ಬೆಳಗಿನಿಂದ ಪತ್ರ ಬರೆಯುತ್ತಿದ್ದೇನೆ’ ಎಂಬಲ್ಲಿ ಗಮನವು ಫಲದ ಮೇಲಿಲ್ಲ, ಹರಿವಿನ ಮೇಲಿದೆ. ಆದುದರಿಂದ ‘ಐ ಹ್ಯಾವ್ ಬೀನ್ ರೈಟಿಂಗ್ ಲೆಟರ್ಸ್’. ನಿಷೇಧದಲ್ಲಿಯೂ ಹೀಗೆಯೇ. ‘ಸೋಮವಾರದಿಂದ ಅವನು ಶಾಲೆಗೆ ಬಂದಿಲ್ಲ’ ಎಂದರೆ ‘ಹಿ ಹ್ಯಾಸ್ ನಾಟ್ ಕಮ್’. ‘ಸೋಮವಾರದಿಂದ ಬರುತ್ತಿಲ್ಲ’ ಎಂದರೆ ‘ಹಿ ಹ್ಯಾಸ್ ನಾಟ್ ಬೀನ್ ಕಮಿಂಗ್’. ವಾಸಿಸು, ಕೆಲಸ ಮಾಡು ಎಂಬಂತಹ ಕ್ರಿಯೆಗಳಲ್ಲಿ ಇಂಗ್ಲಿಷರು ಎರಡು ರೂಪಗಳನ್ನೂ ಬಳಸುವುದುಂಟು. ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದವನನ್ನು ತಿದ್ದಬೇಕಾದ ಅಗತ್ಯವಿಲ್ಲ.

ಈ ಕಾಲರೂಪಕ್ಕೆ ಎರಡನೆಯ ಒಂದು ಬಳಕೆಯಿದೆ. ಅಲ್ಲಿ ಕನ್ನಡವು ಬೇರೆ ದಾರಿ ಹಿಡಿಯುವುದರಿಂದ ವಿಶೇಷ ಗಮನ ಅಗತ್ಯ. ಕೆಲಸವು ಈಗ ತಾನೆ ನಿಂತಿದೆ, ಆದರೆ ಅದರ ಗುರುತು ಕಣ್ಣೆದುರಿಗಿದೆ. ಆಗಲೂ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಬರುತ್ತದೆ. ಶಾಲೆಯಿಂದ ಬಂದ ಮಗುವಿನ ಮುಖ ನೋಡಿದ ತಾಯಿ ‘ಯಾಕಪ್ಪ ಕಣ್ಣು ಕೆಂಪಾಗಿದೆ, ಅಳುತ್ತಿದ್ದೆಯಾ?’ ಎಂದು ಕೇಳುತ್ತಾಳೆ. ಕನ್ನಡದಲ್ಲಿ ಅದು ಭೂತಕಾಲ. ಇಂಗ್ಲಿಷ್ ತಾಯಿ ‘ಹ್ಯಾವ್ ಯು ಬೀನ್ ಕ್ರೈಯಿಂಗ್?’ ಎಂದು ಕೇಳುತ್ತಾಳೆ. ಏಕೆಂದರೆ ಅಳು ನಿಂತಿದ್ದರೂ ಕಣ್ಣಿನ ಕೆಂಪು ಇನ್ನೂ ಇದೆ. ಬೆಳಿಗ್ಗೆ ಬಾಗಿಲು ತೆರೆದಾಗ ರಸ್ತೆಯೆಲ್ಲ ಒದ್ದೆಯಾಗಿದ್ದರೆ ಕನ್ನಡಿಗನು ‘ಮಳೆ ಬಂದ ಹಾಗಿದೆ’ ಎನ್ನುತ್ತಾನೆ. ಇಂಗ್ಲಿಷಿನವನು ‘ಇಟ್ ಹ್ಯಾಸ್ ಬೀನ್ ರೇನಿಂಗ್’ ಎನ್ನುತ್ತಾನೆ. ಇಲ್ಲಿ ‘ಇಂದ’ದ ಗುರುತು ನೆರವಿಗೆ ಬರುವುದಿಲ್ಲ. ಕಣ್ಣಿಗೆ ಕಾಣುವ ಗುರುತಿನಿಂದ, ಈಗ ತಾನೆ ನಡೆಯುತ್ತಿದ್ದ ಕೆಲಸವನ್ನು ಊಹಿಸಿದಾಗ ಈ ರೂಪ ಬರುತ್ತದೆಂದು ಉದಾಹರಣೆಗಳಿಂದಲೇ ಮನದಟ್ಟು ಮಾಡಿಸಬೇಕು.

‘ಇಂಗ್’ ಒಲ್ಲದ ಕ್ರಿಯೆಗಳು

‘ಹ್ಯಾವ್ ಬೀನ್’ ಕಲಿತ ಉತ್ಸಾಹದಲ್ಲಿ ಬಾಲಕನು ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್ ಫಾರ್ ಟೆನ್ ಇಯರ್ಸ್’ ಎಂದು ಬರೆಯುವುದುಂಟು. ತಿಳಿದಿರುವುದು, ಇಷ್ಟಪಡುವುದು, ಒಡೆತನ ಹೊಂದಿರುವುದು ಮುಂತಾದವು ಕೆಲಸಗಳಲ್ಲ, ಸ್ಥಿತಿಗಳು. ಅವುಗಳಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ. ಅಲ್ಲಿ ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’ ಎಂಬುದು ಸರಿ. ಇದಕ್ಕೂ ಕನ್ನಡದಲ್ಲಿ ಸಾಕ್ಷ್ಯವಿದೆ. ‘ಅವರನ್ನು ಹತ್ತು ವರ್ಷಗಳಿಂದ ಬಲ್ಲೆ’, ‘ಅವರು ಹತ್ತು ವರ್ಷಗಳಿಂದ ಗೊತ್ತು’ ಎಂದು ಕನ್ನಡಿಗನು ಹೇಳುತ್ತಾನೆಯೇ ವಿನಾ ‘ಬಲ್ಲುತ್ತಿದ್ದೇನೆ’ ಎನ್ನುವುದಿಲ್ಲ. ಬಲ್ಲೆ, ಗೊತ್ತು, ಬೇಕು, ಸಾಕು ಎಂಬ ಪದಗಳು ಕನ್ನಡದಲ್ಲಿ ‘ಉತ್ತಿರು’ ಎಂಬುದನ್ನು ಹತ್ತಿರ ಸೇರಿಸುವುದಿಲ್ಲ. ಎರಡು ಭಾಷೆಗಳ ಪಟ್ಟಿಗಳು ಎಲ್ಲೆಡೆಯೂ ಒಂದಕ್ಕೊಂದು ಹೊಂದದಿದ್ದರೂ, ಎಲ್ಲ ಕ್ರಿಯೆಗಳೂ ಹರಿಯುವ ಸ್ವಭಾವದವಲ್ಲ ಎಂಬ ತತ್ತ್ವವು ಕನ್ನಡದ ಬಾಲಕನಿಗೆ ಹೊಸದಲ್ಲ.

ವ್ಯಾಕರಣ ಮತ್ತು ಸತ್ಯ

ಈ ಕಾಲರೂಪವನ್ನು ಸರಿಯಾಗಿ ಬಳಸುವುದು ಅಂಕಗಳ ವಿಷಯ ಮಾತ್ರವಲ್ಲ. ಹೇಳುವ ಮಾತಿನ ಸತ್ಯಾಸತ್ಯದ ವಿಷಯವೂ ಆಗಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಹೊರಬಂದಿತು. ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲಿ ಹೊರಬಂದಿತು. 1980ರಲ್ಲಿ ಒಬ್ಬನು ‘ಪರಿಷತ್ತು ನಿಘಂಟನ್ನು ಪ್ರಕಟಿಸುತ್ತಾ ಬಂದಿದೆ’ ಎಂದು ಹೇಳಿದ್ದರೆ ‘ಹ್ಯಾಸ್ ಬೀನ್ ಪಬ್ಲಿಷಿಂಗ್’ ಎಂಬುದು ನಿಜವಾದ ಮಾತಾಗಿರುತ್ತಿತ್ತು. ಇಂದು ಆ ಎಂಟು ಸಂಪುಟಗಳನ್ನು ಕುರಿತು ಹಾಗೆಂದರೆ, ಮುಗಿದ ಕೆಲಸವನ್ನು ಮುಗಿದಿಲ್ಲವೆಂದು ಹೇಳಿದಂತಾಗುತ್ತದೆ. ಇಂದು ಹೇಳಬೇಕಾದುದು ‘ಪಬ್ಲಿಷ್ಡ್’. ಹಿಂದಿನ ಒಂದು ಕ್ಷಣದಲ್ಲಿ ನಿಂತು ಅದಕ್ಕೂ ಹಿಂದಿನಿಂದ ನಡೆದುಬಂದುದನ್ನು ಹೇಳುವುದಾದರೆ ‘ಹ್ಯಾಡ್ ಬೀನ್’ ಬರುತ್ತದೆ. ಕನ್ನಡದಲ್ಲಿ ‘ಬಂದಿದೆ’ ಎಂಬುದು ‘ಬಂದಿತ್ತು’ ಎಂದಾದಂತೆ, ಇಂಗ್ಲಿಷಿನಲ್ಲಿ ‘ಹ್ಯಾಸ್’ ಎಂಬುದು ‘ಹ್ಯಾಡ್’ ಆಗುತ್ತದೆ.

ವ್ಯಕ್ತಿಗಳ ವಿಷಯದಲ್ಲಿ ಈ ವಿವೇಕ ಇನ್ನೂ ಮುಖ್ಯ. ಬಸವನಗುಡಿಯ ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು, 1975ರಲ್ಲಿ ತೀರಿಕೊಂಡರು. ಇವರನ್ನು ಕುರಿತು ಬರೆಯುವಾಗ ‘ಹಿ ಸರ್ವ್ಡ್’ ಎಂದು ಭೂತಕಾಲದಲ್ಲಿಯೇ ಬರೆಯಬೇಕು. ‘ಹ್ಯಾಸ್ ಬೀನ್ ಸರ್ವಿಂಗ್’ ಎಂಬುದು ಬದುಕಿರುವವರಿಗೆ ಮಾತ್ರ ಸಲ್ಲುವ ಮಾತು. ಆದರೆ ಅವರು ಕಟ್ಟಿದ ಸಂಸ್ಥೆಯನ್ನು ಕುರಿತು ‘ಇಟ್ ಹ್ಯಾಸ್ ಬೀನ್ ವರ್ಕಿಂಗ್ ಸಿನ್ಸ್ 1945’ ಎಂದು ಇಂದಿಗೂ ಧಾರಾಳವಾಗಿ ಹೇಳಬಹುದು. ಸ್ಥಾಪಕನದು ಭೂತಕಾಲ, ಸಂಸ್ಥೆಯದು ಅಂದಿನಿಂದ ಇಂದಿನವರೆಗಿನ ಕಾಲ. ವಿದ್ಯಾಸಂಸ್ಥೆಗಳ ವಾರ್ಷಿಕ ವರದಿಗಳನ್ನು ಇಂಗ್ಲಿಷಿನಲ್ಲ���ಯೂ ಬರೆಯುವವರು ಈ ಭೇದವನ್ನು ಗಮನಿಸಿದರೆ, ಅಗಲಿದ ದಾನಿಗಳಿಗೆ ಸಲ್ಲಬೇಕಾದ ಗೌರವವೂ ನಡೆಯುತ್ತಿರುವ ಕಾರ್ಯದ ವಿವರವೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ.

ತರಗತಿಯಲ್ಲಿ

‘ರೆನ್ ಅಂಡ್ ಮಾರ್ಟಿನ್’ ಎಂದೇ ಪ್ರಸಿದ್ಧವಾದ, 1930ರ ದಶಕದಲ್ಲಿ ಮೊದಲು ಅಚ್ಚಾದ ವ್ಯಾಕರಣ ಗ್ರಂಥವನ್ನು ಭಾರತದ ಅನೇಕ ತಲೆಮಾರುಗಳು ಓದಿವೆ. ಅಂತಹ ಪುಸ್ತಕಗಳ ನಿಯಮಗಳು ಸರಿಯಾದವೇ. ಆದರೆ ಅವು ಇಂಗ್ಲಿಷಿನ ಒಳಗಿನಿಂದ ಹೇಳಿದ ನಿಯಮಗಳು. ಕನ್ನಡದ ಬಾಲಕನು ಎಲ್ಲಿ ನಿಂತಿದ್ದಾನೆ, ಅಲ್ಲಿಂದ ಯಾವ ಹೆಜ್ಜೆ ಇಡಬೇಕು ಎಂಬುದನ್ನು ಹೇಳಬೇಕಾದವರು ಅವನ ಉಪಾಧ್ಯಾಯರು. ಈ ದೃಷ್ಟಿ ನಾಡಿಗೆ ಹೊಸದಲ್ಲ. 1903ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಿಟ್ಟೆಲ್ಲರು, ಕನ್ನಡವನ್ನು ಹೊರಗಿನಿಂದ ಬಂದು ಕಲಿತು, ಕಲಿಯುವವರಿಗೆ ದಾರಿ ಮಾಡಿದವರು. ಇಂಗ್ಲಿಷಿನ ಪ್ರಾಧ್ಯಾಪಕರಾಗಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಪಾಠ ಹೇಳಿದ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಕನ್ನಡಕ್ಕೆ ಕೊಟ್ಟರು. ಎರಡು ಭಾಷೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದಾಗ ಎರಡೂ ಬೆಳಗುತ್ತವೆಂಬುದಕ್ಕೆ ಅವರ ಕೆಲಸವೇ ನಿದರ್ಶನ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಅಂದಿನಿಂದ ತರಬೇತಿ ನೀಡುತ್ತಾ ಬಂದಿದೆ. ಈ ಕೊನೆಯ ವಾಕ್ಯವನ್ನೇ ಮಕ್ಕಳಿಗೆ ಇಂಗ್ಲಿಷಿಗೆ ತಿರುಗಿಸಲು ಕೊಡಬಹುದು.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ ಸರಳವಾದುದು. ಬಾಲಕನು ‘ಐ ಆಮ್ ಲಿವಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂದಾಗ ಅವನ ಕನ್ನಡ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆಯಿಸಬೇಕು. ಅದರಲ್ಲಿ ‘ಇಂದ’ದ ಕೆಳಗೆ ಗೆರೆ ಎಳೆಯಿಸಬೇಕು. ಅದು ‘ಎಷ್ಟು’ ಎಂಬುದಕ್ಕೆ ಉತ್ತರವೋ ‘ಯಾವಾಗ’ ಎಂಬುದಕ್ಕೆ ಉತ್ತರವೋ ಎಂದು ಅವನಿಂದಲೇ ಹೇಳಿಸಬೇಕು. ಆಮೇಲೆ ಕ್ರಿಯಾಪದವನ್ನು ‘ಉತ್ತಾ ಬಂದಿದ್ದೇನೆ’ ಎಂದು ಬದಲಿಸಿ, ಅದರ ಮೂರು ಅಂಗಗಳನ್ನು ಕೊನೆಯಿಂದ ಮೊದಲಿಗೆ ಓದಿಸಬೇಕು. ‘ಹ್ಯಾವ್’, ‘ಬೀನ್’, ‘ಲಿವಿಂಗ್’ ಎಂದು ವಾಕ್ಯವು ತಾನಾಗಿಯೇ ಹೊರಬರುತ್ತದೆ.

ಭಾರತೀಯರು ತಮ್ಮ ತಮ್ಮೊಳಗೆ ‘ಐ ಆಮ್ ವರ್ಕಿಂಗ್ ಸಿನ್ಸ್ ಟು ಇಯರ್ಸ್’ ಎಂದರೂ ಅರ್ಥವಾಗುತ್ತದೆ ಎಂಬ ವಾದವುಂಟು. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಹಳ್ಳಿಯಿಂದ ಬಂದು, ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದ ಬಾಲಕನು ಸಂದರ್ಶನದ ಕೋಣೆಯಲ್ಲಿ ಅಪರಿಚಿತರ ಮುಂದೆ ಕುಳಿತಾಗ, ಅವನ ವಿಷಯಜ್ಞಾನಕ್ಕಿಂತ ಮೊದಲು ಅಳೆಯಲ್ಪಡುವುದು ಅವನ ವಾಕ್ಯ. ಒಂದು ವಾಕ್ಯಕ್ಕೆ ಎದುರಿನವರು ನಕ್ಕರೆ ಮುಂದಿನ ಹತ್ತು ವಾಕ್ಯಗಳನ್ನು ಅವನು ನುಂಗಿಕೊಳ್ಳುತ್ತಾನೆ. ಆ ಮೌನದಿಂದಾಗುವ ನಷ್ಟವು ತಪ್ಪು ವಾಕ್ಯದಿಂದಾಗುವ ನಷ್ಟಕ್ಕಿಂತ ದೊಡ್ಡದು. ತಾನು ಎಡವಿದುದು ದಡ್ಡತನದಿಂದಲ್ಲ, ಎರಡು ಭಾಷೆಗಳು ಕಾಲದ ಭಾರವನ್ನು ಬೇರೆ ಬೇರೆ ಕಡೆ ಇಡುವುದರಿಂದ ಎಂದು ಅರಿತವನು ತನ್ನ ಮಾತನ್ನು ತಾನೇ ತಿದ್ದಿಕೊಂಡು ಮುಂದುವರಿಯುತ್ತಾನೆ. ಬಾಯಿ ಕಟ್ಟಿ ಕುಳಿತುಕೊಳ್ಳುವುದಿಲ್ಲ.

ಸ್ಮರಣ ಸಂಚಿಕೆಯ ಪುಟಗಳಲ್ಲಿ ಹೆಜ್ಜೆ ಹೆಜ್ಜೆಗೂ ಬರುವ ‘ನಡೆಸಿಕೊಂಡು ಬಂದಿದೆ’ ಎಂಬ ಮಾತನ್ನು ವಾಚಕರು ಸಾಮಾನ್ಯವಾಗಿ ಗಮನಿಸದೆ ಮುಂದೆ ಹೋಗುತ್ತಾರೆ. ಅಂದು ಯಾರೋ ಆರಂಭಿಸಿದ್ದು ಇಂದೂ ನಿಂತಿಲ್ಲ ಎಂಬ ಅರ್ಥವನ್ನು ಆ ಎರಡು ಪದಗಳು ಹೊತ್ತಿವೆ. ಅದೇ ಅರ್ಥವನ್ನು ಇನ್ನೊಂದು ಭಾಷೆಯಲ್ಲಿ ಅಳುಕಿಲ್ಲದೆ ಹೇಳಬಲ್ಲ ವಿದ್ಯಾರ್ಥಿಯನ್ನು ಸಿದ್ಧಪಡಿಸಲು ಉಪಾಧ್ಯಾಯರಿಗೆ ಬೇಕಾದ ಸಾಮಗ್ರಿಯೆಲ್ಲವೂ ಕನ್ನಡದಲ್ಲಿಯೇ ಇದೆ.